ರೇಷ್ಮೆ ಕಟ್ಟಿನ ಮೋಟಾರು, ಹಾಲವಾಣದ ದೋಣಿ

ಬೆಳಗಿನ ಆರು ಗಂಟೆ. ಕೊಳ್ಳೇಗಾಲದ ಹೊರಗಿನ ಕೆರೆಯಲ್ಲಿ ಪುಟ್ಟಸಿದ್ದಯ್ಯ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಕೈಯಲ್ಲಿ ಮೂರಡಿ ಉದ್ದದ ಮರದ ದೋಣಿ. ಸ್ವಿಚ್ ಒತ್ತುತ್ತಾರೆ. ಒಳಗಿನ ಮೋಟಾರು ಗುಂಯ್‌ಗುಡುತ್ತದೆ, ಹಿಂಬದಿಯ ಪುಟ್ಟ ಹಿತ್ತಾಳೆ ಫ್ಯಾನು ನೀರು ಕಲಕುತ್ತದೆ. ಕೈ ಬಿಟ್ಟದ್ದೇ ತಡ, ದೋಣಿ ಆಚೆ ದಡಕ್ಕೆ ಮುಖ ಮಾಡಿ ಹೊರಡುತ್ತದೆ. ಅದರ ಬಾಲಕ್ಕೆ ಕಟ್ಟಿದ ಹತ್ತಿ ಹುರಿಯನ್ನು ಅವರು ಗಾಳಿಪಟ ಬಿಡುವವರಂತೆ ಸಡಿಲಿಸುತ್ತ ಹೋಗುತ್ತಾರೆ.

ಆಚೆ ದಡ ಸುಮಾರು ಇನ್ನೂರು ಹೆಜ್ಜೆ ದೂರ. ಅಲ್ಲಿ ಅವರ ಹೆಂಡತಿ ಪುಟ್ಟಬಸಮ್ಮ ದೋಣಿ ಹಿಡಿಯಲು ಸೆರಗು ಸಿಕ್ಕಿಸಿಕೊಂಡು ಕಾದಿದ್ದಾರೆ. ಅರ್ಧ ದಾರಿ ದಾಟುತ್ತದೆ. ಮುಕ್ಕಾಲು ದಾಟುತ್ತದೆ. ಅಷ್ಟರಲ್ಲಿ ಗುಂಯ್‌ಗುಟ್ಟುವ ಸದ್ದು ಸಣ್ಣಗಾಗಿ ದೋಣಿ ನಿಂತೇ ಹೋಗುತ್ತದೆ. ಪುಟ್ಟಸಿದ್ದಯ್ಯ ಹುರಿ ಎಳೆದು ಅದನ್ನು ವಾಪಸ್ ತರುತ್ತಾರೆ, ಮೋಟಾರಿನ ಮೈ ಮೇಲೆ ಅಂಗೈ ಇಟ್ಟು ನೋಡಿ ತಕ್ಷಣ ಹಿಂದಕ್ಕೆಳೆದುಕೊಳ್ಳುತ್ತಾರೆ. ಕಾದ ಕಾವಲಿ.

"ಎಂಟ್ನೇ ಸಲ ಸಾ ಇದು. ಒಂಬತ್ತ್‌ನೇ ಸಲ ಬುಡ್ತೀನಿ," ಎನ್ನುತ್ತಾರೆ, ನೋಡಲು ಬಂದ ನನ್ನ ಕಡೆ ತಿರುಗಿ. ಬೇಸರದ ಸುಳಿವೂ ಇಲ್ಲ. ದೋಣಿಯನ್ನು ಹೆಗಲ ಮೇಲಿಟ್ಟುಕೊಂಡು ಅಂಗಡಿಯ ಕಡೆ ನಡೆಯುತ್ತಾರೆ.

ಅವರ ಅಂಗಡಿ ಹನೂರು ರಸ್ತೆಯಲ್ಲಿದೆ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕಸುಬು. ಧನಗೆರೆ ಕಡೆಯ ರೈತರು ಪಂಪ್‌ಸೆಟ್ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ಬೆಳೆ ಒಣಗುತ್ತಿರುವಾಗ ಯಾರಿಗೂ ನಾಳೆ ಎಂಬ ಮಾತು ರುಚಿಸುವುದಿಲ್ಲ. ದಿನಕ್ಕೆ ಎರಡು ದೊಡ್ಡ ಮೋಟಾರು, ಜೊತೆಗೆ ನಾಲ್ಕಾರು ಫ್ಯಾನು, ಮಿಕ್ಸಿ. ಅರವತ್ತೊಂದರ ವಯಸ್ಸು, ನಲವತ್ತನಾಲ್ಕು ವರ್ಷ ತಂತಿ ಎಳೆದ ಬೆರಳುಗಳು ಗಂಟುಗಟ್ಟಿವೆ. ವಾರ್ನಿಷ್ ಹೊಗೆ ಕುಡಿದ ಎದೆ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಮನೆಮಂದಿಯ ನಿದ್ದೆ ಕೆಡಿಸುತ್ತದೆ.

ಅಂಗಡಿಯ ಹಿಂದಿನ ಕೋಣೆ ಮಾತ್ರ ಬೇರೆಯೇ ಲೋಕ. ಅಲ್ಲಿ ನಲವತ್ತಮೂರು ಹಳೆಯ ಮೋಟಾರುಗಳಿವೆ, ಹದಿನಾಲ್ಕು ದೋಣಿಗಳಿವೆ. ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬಸ್ಸಿನ ಗಾಜಿನ ಮೇಲಿನ ಮಳೆ ಒರೆಸುತ್ತಿದ್ದ ವೈಪರ್ ಮೋಟಾರು ಹನೂರಿನ ಗುಜರಿಯಲ್ಲಿ ಸಿಕ್ಕಿದ್ದು. ಒಡೆಯರಪಾಳ್ಯದ ಟಿಬೆಟನ್ ಅಜ್ಜರೊಬ್ಬರು ತಮ್ಮ ಟೇಪ್ ರೆಕಾರ್ಡರಿನ ಮೋಟಾರನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಿದ್ದಾರೆ. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಅದು ಯಾರ ಮನೆಯದು, ಏನು ಕೆಲಸ ಮಾಡುತ್ತಿತ್ತು ಎಂಬ ವಿವರ. ನೋಡಲಿಕ್ಕೆಂದು ಇಟ್ಟಿದ್ದು ಒಂದೂ ಇಲ್ಲ. ವರ್ಷಕ್ಕೊಮ್ಮೆಯಾದರೂ ಪ್ರತಿ ಮೋಟಾರು ಯಾವುದಾದರೂ ದೋಣಿ ಹತ್ತಿ ಕೆರೆಗೆ ಇಳಿಯಲೇಬೇಕು.

"ಕಪಾಟಲ್ಲಿ ಮಡಗಿದ್ರೆ ಮೋಟ್ರು ತುಕ್ಕು ಇಡೀತದೆ ಸಾ. ಸುಮ್ನೆ ತಿರುಗ್ಸುದ್ರೂ ಅದ್ಕೆ ಸಾಲ್ದು. ಏನಾರ ಒಂದ ಎಳ್ಕಂಡ್ ಓಗ್ಬೇಕು. ಅದ್ಕೇ ದೋಣಿ."

ದೋಣಿಯ ಹುಚ್ಚು ಹಿಡಿಸಿದವರು ಅವರ ಗುರು, ಅದೇ ಅಂಗಡಿಯ ಹಿಂದಿನ ಮಾಲೀಕ ಶಾಂತಮೂರ್ತಿ. ಅವರದೊಂದು ವಿಶೇಷ ಪದ್ಧತಿಯಿತ್ತು. ಎಲ್ಲರೂ ಸುರುಳಿಯ ತಂತಿಯನ್ನು ಹತ್ತಿಯ ಪಟ್ಟಿಯಲ್ಲಿ ಬಿಗಿದರೆ, ಅವರು ರೇಷ್ಮೆ ಹುರಿಯಲ್ಲಿ ಕಟ್ಟುತ್ತಿದ್ದರು. ಹೆಂಡತಿ ಶಿವನಂಜಮ್ಮ ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿದ್ದರು; ಹುರಿ ಮಾಡಿ ಕೊಡುತ್ತಿದ್ದವರು ಅವರೇ. ಕೆಲಸ ಮುಗಿದ ಮೇಲೆ ಓಡುವ ಮೋಟಾರಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸುವುದು ಶಾಂತಮೂರ್ತಿಯವರ ಪರೀಕ್ಷೆ. ಹತ್ತರವರೆಗೆ ಕೈ ತಡೆದರೆ ಮೋಟಾರು ಪಾಸು.

ಹನ್ನೆರಡು ವರ್ಷದ ಹಿಂದೆ ಶಾಂತಮೂರ್ತಿ ತೀರಿಕೊಂಡಾಗ ಶಿವನಂಜಮ್ಮ ಒಂದು ಪುಟ್ಟ ಮೋಟಾರು ತಂದು ಪುಟ್ಟಸಿದ್ದಯ್ಯನ ಕೈಗಿಟ್ಟರು. ಗಂಡ ತಮ್ಮ ಮೊದಲ ದೋಣಿಗೆಂದು ತಾವೇ ಸುತ್ತಿದ್ದದ್ದು, ಈಗ ಓಡುತ್ತಿಲ್ಲ, ಸರಿಮಾಡಿ ಕೊಡಪ್ಪ ಎಂದರು. ಮುಂದೆ ನಡೆದದ್ದನ್ನು ಹೇಳುವಾಗ ಪುಟ್ಟಸಿದ್ದಯ್ಯ ತಲೆ ಎತ್ತುವುದಿಲ್ಲ.

"ನಮ್ ಕಯ್ಗೆ ಬರೋದೆಲ್ಲ ಸುಟ್ಟೋಗಿರೋ ಮೋಟ್ರೇ ಅಲ್ವಾ ಸಾ. ಉಳಿ ತಕಂಡೆ, ತಂತಿ ಕತ್ತರಿಸ್ದೆ, ಬೆಂಕಿ ಆಕ್ದೆ, ಒಸಾ ತಂತಿ ಸುತ್ದೆ. ಎಲ್ಲಾ ಆದ್ಮೇಲೆ ನೋಡ್ತೀನಿ, ಒಳ್ಗಡೆ ಕರೆಂಟ್ ಮುಟ್ಸೋ ಕಾರ್ಬನ್ ತುಂಡು ಸವೆದೋಗಿತ್ತು, ಅಷ್ಟೇಯ. ಅದೊಂದ ಬದಲಾಯಿಸಿದ್ರೆ ಸಾಕಾಗಿತ್ತು."

ಹೊಸದರಂತೆ ಓಡುತ್ತಿದ್ದ ಮೋಟಾರನ್ನು ಶಿವನಂಜಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಅವ್ರು ಸುತ್ತಿದ್ ತಂತಿ ಎಲ್ಲಿ ಸಿದ್ದಾ? ನನ್ ಹುರಿ ಎಲ್ಲಿ?" ಎಂದು ಕೇಳಿದರು. ಹುರಿ ಬೆಂಕಿಯಲ್ಲಿ ಬೂದಿಯಾಗಿತ್ತು. ತಾಮ್ರ ಅಂಗಡಿಯ ಉಳಿದ ತಾಮ್ರದ ಜೊತೆ ಗುಜರಿಗೆ ಹೋಗಿತ್ತು. ಆಕೆ ಬೈಯಲಿಲ್ಲ. ಮೋಟಾರನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಪುಟ್ಟಸಿದ್ದಯ್ಯನಿಗೆ ಇವತ್ತಿಗೂ ಅನಿಸುತ್ತದೆ.

ಅವತ್ತಿನಿಂದ ಅವರು ಹಳೆಯ ಮೋಟಾರುಗಳನ್ನು ಹುಡುಕತೊಡಗಿದರು. ಹುಡುಕಾಟದ ಒಳಗುಟ್ಟು ಒಂದೇ. ಎಲ್ಲಾದರೂ, ಯಾವುದಾದರೂ ಒಂದರ ಹೊಟ್ಟೆಯಲ್ಲಿ ಗುರುವಿನ ರೇಷ್ಮೆ ಕಟ್ಟು ಉಳಿದಿರಬಹುದು. ಹಿಂದಿನ ಕೋಣೆಗೆ ಬಂದ ಯಾವ ಹಳೆಯ ಮೋಟಾರಿನ ತಂತಿಗೂ ಇನ್ನು ಉಳಿ ಮುಟ್ಟಿಸುವುದಿಲ್ಲ ಎಂದು ಶಪಥ ಮಾಡಿದರು. ಸುತ್ತುವುದನ್ನೇ ಕಸುಬು ಮಾಡಿಕೊಂಡವರಿಗೆ ಇದು ಸಣ್ಣ ಮಾತಲ್ಲ.

ಹೋದ ವರ್ಷ ಯಳಂದೂರಿನಿಂದ ದೊಡ್ಡಮಾದಪ್ಪ ಬಂದರು. ಶಾಲೆಯೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಶಾಲೆ ಹಳೆಯ ಸಾಮಾನು ಹೊರಗೆ ಹಾಕಿದಾಗ ತಾವು ಕೇಳಿ ಪಡೆದ ಆರು ವೋಲ್ಟಿನ ಮೋಟಾರನ್ನು ಮೇಜಿನ ಮೇಲಿಟ್ಟರು. "ಮಕ್ಳಿಗೆ ತೋರ್ಸಕ್ಕೆ ಅಂತ ನಿಮ್ ಶಾಂತಮೂರ್ತಿಯೋರೇ ಮಾಡ್‌ಕೊಟ್ಟಿದ್ದು ಕಣ್ರಿ," ಎಂದರು. ಪುಟ್ಟಸಿದ್ದಯ್ಯ ಮುಚ್ಚಳ ಬಿಚ್ಚಿದರು. ಕಂದುಬಣ್ಣಕ್ಕೆ ತಿರುಗಿದ ರೇಷ್ಮೆ ಹುರಿ, ಅದರ ತುದಿಯಲ್ಲಿ ಗುರುವಿನದೇ ಗಂಟು. ಆ ದಿನ ಅವರು ಅಂಗಡಿ ಬೇಗ ಮುಚ್ಚಿದರು.

ಮೋಟಾರು ತಂಡಿ ಹಿಡಿದಿತ್ತು. ಡಬ್ಬಿಯೊಳಗೆ ಬಲ್ಬು ಹಚ್ಚಿಟ್ಟು ಇಪ್ಪತ್ತು ದಿನ ಒಣಗಿಸಿದರು. ಮೊದಲು ಕಾರ್ಬನ್ ನೋಡಿದರು, ಅದನ್ನು ಬದಲಿಸಿದರು. ಮೋಟಾರು ಮೇಜಿನ ಮೇಲೆ ಓಡಿತು. ಅಷ್ಟೇ ಸಾಕಿತ್ತಲ್ಲ ಎಂದರೆ ಒಪ್ಪುವುದಿಲ್ಲ. ಗುರು ಸುತ್ತಿದ ಮೋಟಾರು ಏನನ್ನಾದರೂ ಎಳೆಯಲೇಬೇಕು ಎಂಬುದು ಅವರ ಹಟ. ಕೆರೆ ದಾಟಿದರೆ ಮಾತ್ರ ಶಿವನಂಜಮ್ಮನ ಮುಂದೆ ಇಡುವುದು. ಆಕೆಗೆ ಈಗ ಎಂಬತ್ತೆರಡು. ಒಂದು ಕಣ್ಣಿನ ದೃಷ್ಟಿ ಹೋಗಿದೆ, ಇನ್ನೊಂದೂ ಮಂಜಾಗುತ್ತಿದೆ. ಆತುರವಿರುವುದು ಅಲ್ಲಿ.

ಇದಕ್ಕೆಂದೇ ಹಗುರವಾದ ಹಾಲವಾಣದ ಮರದಲ್ಲಿ ಹೊಸ ದೋಣಿ ಕೆತ್ತಿದರು. ಹೆಂಡತಿಯ ತೂತುಬಿದ್ದ ಹಿತ್ತಾಳೆ ಚೊಂಬಿನಿಂದ ಫ್ಯಾನು ಕತ್ತರಿಸಿದರು. ದೋಣಿ ನಿಂತಾಗಲೆಲ್ಲ ಭಾರ ಹೆಚ್ಚಾಯಿತೆಂದು ಫ್ಯಾನಿನ ರೆಕ್ಕೆಯನ್ನು ಅರದಿಂದ ಅಕ್ಕಿಕಾಳಿನಷ್ಟು ಉಜ್ಜಿದರು. ಎಂಟು ಸಲ ಉಜ್ಜಿದ ಮೇಲೆ ರೆಕ್ಕೆಯಲ್ಲಿ ಉಜ್ಜಲು ಹೆಚ್ಚೇನೂ ಉಳಿದಿಲ್ಲ. ಎಂಟು ಸಲವೂ ದೋಣಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ನಿಂತಿದೆ.

ಕಾರಣ ಕಂಡುಹಿಡಿದವರು ಆಚೆ ದಡದಿಂದ ನೋಡುತ್ತಿದ್ದ ಪುಟ್ಟಬಸಮ್ಮ. ಎಂಟನೇ ಸೋಲಿನ ಸಂಜೆ ರೊಟ್ಟಿ ತಟ್ಟುತ್ತ ಹೇಳುತ್ತಾರೆ: "ಮೋಟ್ರು ಸೋತಿಲ್ಲ ಕಣ್ರಿ. ನೀವು ಬಾಲ್‌ಕ್ಕೆ ಕಟ್ಟಿರೋ ಹುರಿ ನೀರ್ ಕುಡ್ದು ಇಂದ್ಕೆ ಎಳೀತಾ ಅದೆ. ಉದ್ದ ಆಗ್ತಾ ಆಗ್ತಾ ಭಾರ ಆಯ್ತದೆ. ಅದ ಬುಟ್ಬುಡಿ."

ಪುಟ್ಟಸಿದ್ದಯ್ಯ ಹುರಿಯ ಸುರುಳಿಯನ್ನು ಕೈಗೆತ್ತಿಕೊಂಡು ತೂಗಿ ನೋಡುತ್ತಾರೆ. ಉಳಿದ ಮೋಟಾರುಗಳು ಗಟ್ಟಿ, ಹುರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಅದು ಅವರಿಗೆ ಹೊಳೆದಿರಲಿಲ್ಲ. ಆದರೆ ಕೆರೆಯ ನಡುವೆ ಎರಡಾಳು ಆಳ, ಅಡಿಯಲ್ಲಿ ಹೂಳು. ಹುರಿಯಿಲ್ಲದೆ ಬಿಟ್ಟು ಗಾಳಿಗೆ ಮಗುಚಿದರೆ ಗುರುವಿನ ಕೈಕೆಲಸ ಎರಡನೇ ಸಲ, ಅವರ ಕೈಯಿಂದಲೇ, ಹೋದಂತೆ.

"ಹುರಿ ಕಟ್ಟಿದ್ದು ದೋಣಿಗಲ್ಲ ಸಾ, ನನ್ ಭಯಕ್ಕೆ," ಎನ್ನುತ್ತಾರೆ ಕೊನೆಗೆ ನನ್ನ ಕಡೆ ತಿರುಗಿ. "ಗುರುಗಳ ಮನೆ ಅವ್ವನ್ನೂ ಕರ್ಕಂಡ್ ಬರ್ತೀನಿ. ಮುಳುಗಿ ಓದ್ರೂ ಅವ್ರ ಎದುರ್ಗೇ ಓಗ್ಲಿ. ಈ ಸಲ ಅವ್ರಿಗ್ ಗೊತ್ತಿಲ್ದಂಗೆ ಏನೂ ಆಗ್ಬಾರ್ದು."

ಮುಂದಿನ ಭಾನುವಾರ ಗಾಳಿಯಿಲ್ಲ. ಆಚೆ ದಡದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಶಿವನಂಜಮ್ಮ ಕೋಲು ಊರಿ ಕುಳಿತಿದ್ದಾರೆ, ಪಕ್ಕದಲ್ಲಿ ಪುಟ್ಟಬಸಮ್ಮ. ಈಚೆ ದಡದಲ್ಲಿ ಪುಟ್ಟಸಿದ್ದಯ್ಯ ಹುರಿಯ ಗಂಟು ಬಿಚ್ಚುತ್ತಾರೆ, ಸ್ವಿಚ್ ಒತ್ತಿ ಕೈ ತೆಗೆಯುತ್ತಾರೆ.

ದೋಣಿ ಅರ್ಧ ದಾಟುತ್ತದೆ. ಎಂಟು ಸಲ ನಿಂತ ಜಾಗಕ್ಕೆ ಬರುತ್ತದೆ, ಅದನ್ನೂ ದಾಟುತ್ತದೆ. ಪುಟ್ಟಸಿದ್ದಯ್ಯ ಒದ್ದೆ ಪಂಚೆಯಲ್ಲೇ ಕೆರೆ ಸುತ್ತಿ ಓಡತೊಡಗುತ್ತಾರೆ. ಅವರು ಏದುಸಿರು ಬಿಡುತ್ತ ಆಚೆ ದಡ ಮುಟ್ಟುವ ಹೊತ್ತಿಗೆ ಪುಟ್ಟಬಸಮ್ಮ ದೋಣಿಯನ್ನು ನೀರಿನಿಂದ ಎತ್ತಿ, ಮೋಟಾರು ಓಡುತ್ತಿರುವಂತೆಯೇ, ಶಿವನಂಜಮ್ಮನ ಮಡಿಲಲ್ಲಿ ಇಟ್ಟಿದ್ದಾರೆ.

ಆಕೆಯ ಬೆರಳುಗಳು ಮೊದಲು ಮುಚ್ಚಳ ತೆಗೆದಿಟ್ಟ ಬದಿಯಲ್ಲಿ, ತಿರುಗದೆ ಕೂತ ಸುರುಳಿಯ ರೇಷ್ಮೆ ಗಂಟನ್ನು ತಡಕಿ ಹುಡುಕುತ್ತವೆ. ಆಮೇಲೆ ಅಂಗೈ ಮೋಟಾರಿನ ಮೈ ಮೇಲೆ ಕೂರುತ್ತದೆ. ತುಟಿ ಮೆಲ್ಲಗೆ ಅಲುಗುತ್ತದೆ. ಒಂದು, ಎರಡು, ಮೂರು. ಪುಟ್ಟಸಿದ್ದಯ್ಯನೂ ಮನಸ್ಸಿನಲ್ಲೇ ಎಣಿಸುತ್ತಾರೆ. ಹತ್ತಾಗುತ್ತದೆ. ಆಕೆಯ ಕೈ ಅಲ್ಲೇ ಇದೆ.

"ಅತ್ತಾಯ್ತು ಕಣವ್ವ," ಎನ್ನುತ್ತಾರೆ ಪುಟ್ಟಸಿದ್ದಯ್ಯ.

"ಗೊತ್ತು ಕಣಪ್ಪ ಸಿದ್ದಾ," ಎನ್ನುತ್ತಾರೆ ಶಿವನಂಜಮ್ಮ. "ಇನ್ನೊಂದ್ ಸಲ ಎಣಿಸ್ತಾ ಇವ್ನಿ."