ಸಿಡಿಲಮರಿಗೆ ಒಂದೇ ಸಾಲು

೧೯೭೯ರ ದೀಪಾವಳಿಯ ಹೊತ್ತಿಗೆ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಶಿಗ್ಗಾಂವಿಯ ಅರೆಕಾಲಿಕ ವರದಿಗಾರನಾಗಿದ್ದೆ. ಅರೆಕಾಲಿಕ ಎಂದರೆ ಸಂಬಳವಿಲ್ಲ, ಗುರುತಿನ ಚೀಟಿಯೂ ಇಲ್ಲ. ಅಚ್ಚಾದ ಸುದ್ದಿಯನ್ನು ಪಟ್ಟಿಯಿಂದ ಅಳೆದು, ಉದ್ದ ಎಷ್ಟು ಬಂತೋ ಅಷ್ಟಕ್ಕೆ ಗೌರವಧನ. ನಮ್ಮ ದುಂಡಸಿಯ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಅಪ್ಪ ಹೆಬ್ಬೆಟ್ಟು ಒತ್ತುವವನು. ಬೆಳಿಗ್ಗೆ ದನ ಮೇಯಿಸಿ, ಸಗಣಿ ಬಳಿದು, ಕೈ ತೊಳೆದುಕೊಂಡು ಬಸ್ಸು ಹಿಡಿದು ಕಾಲೇಜಿಗೆ ಹೋದವನು ನಾನು. ಊರಿನಲ್ಲಿ ನನಗೆ ‘ಬಿ.ಎ. ಚನ್ನಬಸಪ್ಪ’ ಎಂದೇ ಹೆಸರು. ಆ ಎರಡಕ್ಷರ ಕಿವಿಗೆ ಬಿದ್ದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನಮ್ಮ ಭಾಗದಲ್ಲಿ ದೀಪಾವಳಿ ಪಾಡ್ಯಕ್ಕೆ ಶುರುವಾಗುವ ಹೋರಿ ಬೆದರಿಸುವ ಸ್ಪರ್ಧೆ ಸಂಕ್ರಾಂತಿ ದಾಟಿದರೂ ಮುಗಿಯುವುದಿಲ್ಲ. ಒಂದು ವಾರ ಈ ಊರು, ಮುಂದಿನ ವಾರ ಆ ಊರು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೋರಿಯ ಕೊಂಬಿಗೆ, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಜನರ ನಡುವಿನ ಓಣಿಯಂಥ ಅಖಾಡದಲ್ಲಿ ಒಂದೊಂದಾಗಿ ಬಿಡುತ್ತಾರೆ. ಹಿಡಿಯುವ ಯುವಕರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಕೊಬ್ಬರಿ ಕೊಡದೆ ಪಾರಾದ ಹೋರಿ ಗೆದ್ದಂತೆ; ಹಲವು ಪಾರಾದರೆ ಓಟ ನೋಡಿ ಮೊದಲನೆಯದನ್ನು ಆರಿಸುತ್ತಾರೆ. ಹೋರಿಗಳಿಗೆ ಹೆಸರಿರುತ್ತವೆ, ಆ ಹೆಸರಿಗೆ ಅಭಿಮಾನಿಗಳಿರುತ್ತಾರೆ, ಯಾವ ಹೋರಿ ಪಾರಾಗುತ್ತದೆ ಎಂದು ಚಹಾದಂಗಡಿಗಳಲ್ಲಿ ಶರತ್ತು ಕಟ್ಟುವವರೂ ಇರುತ್ತಾರೆ.

ಆ ವರ್ಷ ನಮ್ಮ ಸಂಪಾದಕರಿಗೆ ಒಂದು ಯೋಚನೆ ಹೊಳೆಯಿತು. ಪೇಟೆಯ ಪತ್ರಿಕೆಗಳು ಕ್ರಿಕೆಟ್ಟಿಗೆ ಮುನ್ನೋಟ ಬರೆಯುವಂತೆ ನಾವು ಹೋರಿ ಸ್ಪರ್ಧೆಗೆ ಯಾಕೆ ಬರೆಯಬಾರದು? ಭಾನುವಾರ ಸ್ಪರ್ಧೆ. ಶುಕ್ರವಾರ ನನ್ನ ಮುನ್ನೋಟ, ಶನಿವಾರ ಸವಣೂರಿನ ವರದಿಗಾರ ಜಯತೀರ್ಥ ಆಚಾರ್ಯರದು. ಕೊನೆಗೆ ಇಬ್ಬರೂ ಗೆಲ್ಲುವ ಹೋರಿಯ ಹೆಸರು ಹೇಳಬೇಕು. ಶರತ್ತು ಕಟ್ಟಿ ಎಂದು ಪತ್ರಿಕೆ ಬರೆಯುವಂತಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ನಮ್ಮಿಬ್ಬರನ್ನೂ ಹುಬ್ಬಳ್ಳಿಗೆ ಕರೆಸಿ ಸಂಪಾದಕರು ಇನ್ನೊಂದು ಮಾತು ಹೇಳಿದರು.

“ಈ ಭಾಗಕ್ಕ ಒಬ್ಬ ಖಾಯಂ ವರದಿಗಾರ ಬೇಕಾಗ್ಯಾನ. ಹಾನಗಲ್ ಸ್ಪರ್ಧಾ ಮುಗಿದ ಮ್ಯಾಲ ನಿಮ್ಮಿಬ್ಬರೊಳಗ ಒಬ್ಬರನ್ನ ತಗೋತೇನಿ.”

ಖಾಯಂ! ಸಂಬಳ, ಗುರುತಿನ ಚೀಟಿ, ಅಪ್ಪನಿಗೆ ಊರ ಕಟ್ಟೆಯ ಮೇಲೆ ಹೇಳಿಕೊಳ್ಳಲು ಒಂದು ಮಾತು. ಈ ನೌಕರಿ ನನ್ನದೇ ಎಂದು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿಬಿಟ್ಟೆ. ಹೋರಿಯ ವಿಷಯದಲ್ಲಿ ನನಗೆ ಆಚಾರ್ಯರು ಸಮವೆ?

ಈ ಆಚಾರ್ಯರ ಬಗ್ಗೆ ನನ್ನ ಹೊಟ್ಟೆಯಲ್ಲಿ ಏನಿತ್ತೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬರೀ ಉರಿ. ಅವರ ಮನೆಯಲ್ಲಿ ತಲೆತಲಾಂತರದಿಂದ ಪುಸ್ತಕ. ಅಜ್ಜ ಪಾಠ ಹೇಳಿದವರು, ಅಪ್ಪ ವಕೀಲರು. ನಾನು ನಿಘಂಟು ನೋಡಿ ಕಲಿತ ಶಬ್ದಗಳನ್ನು ಅವರು ಮಾವಿನಕಾಯಿ ಉಪ್ಪಿನಕಾಯಿಯಂತೆ ನೆಂಚಿಕೊಳ್ಳುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಯಲ್ಲಿ ಸವಣೂರಿನ ಕುರುಕಲು ಖಾರದ ಪೊಟ್ಟಣ. ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ನಾನು ಹೇಗೆ ಕೆಲಸ ಮಾಡುತ್ತಿದ್ದೆ ಎಂದರೆ, ವಾರದಲ್ಲಿ ನಾಲ್ಕು ದಿನ ಸೈಕಲ್ಲಿನ ಮೇಲೆ ಊರೂರು ತಿರುಗಿ ಹೋರಿಗಳನ್ನು ನೋಡುತ್ತಿದ್ದೆ. ಗೊರಸು ನೋಡುತ್ತಿದ್ದೆ, ಉಸಿರು ಕೇಳುತ್ತಿದ್ದೆ, ತಾಲೀಮಿಗೆ ಬಿಟ್ಟಾಗ ಯಾವ ಕಡೆ ಓಡುತ್ತದೆಂದು ಗಮನಿಸುತ್ತಿದ್ದೆ. ಬರೆಯುವಾಗ ಒಂದನ್ನೂ ಬಿಡುತ್ತಿರಲಿಲ್ಲ. ಮೊದಲ ವಾರ ಶಿಗ್ಗಾಂವಿಯ ಸ್ಪರ್ಧೆಗೆ ಹೀಗೆ ಬರೆದೆ: ‘ಗಾಳಿಗುದ್ದು ಗೆಲ್ಲುವ ಹೋರಿ. ಕೆಂದ ಬಣ್ಣ, ಎಡಗೊಂಬು ಸ್ವಲ್ಪ ಬಾಗಿದೆ. ಬಿಟ್ಟ ತಕ್ಷಣ ನೆಟ್ಟಗೆ ಓಡಿ, ಜನ ದಟ್ಟವಾಗಿರುವಲ್ಲಿ ಗಕ್ಕನೆ ಬಲಕ್ಕೆ ಹೊರಳುತ್ತದೆ. ಹೊರಳುವ ಮುನ್ನ ತಲೆ ತಗ್ಗಿಸುತ್ತದೆ.’ ಮುಂದೆ ಇನ್ನೂ ನಾಲ್ಕೈದು ಹೋರಿಗಳ ಬಗ್ಗೆ, ಒಂದಕ್ಕಿಂತ ಒಂದು ಚಿಕ್ಕದಾಗಿ. ಕೊನೆಯ ಹೋರಿಗೆ ಬರುವಷ್ಟರಲ್ಲಿ ಜಾಗ ಮುಗಿದು ಹೆಸರಷ್ಟೇ ಉಳಿಯುತ್ತಿತ್ತು.

ಆಚಾರ್ಯರು ಆ ಕೊನೆಯ ಹೋರಿಯನ್ನೇ ಎತ್ತಿಕೊಂಡು, ‘ವೃಷಭಕುಲತಿಲಕ, ಪವನವೇಗದ ಧೀರೋದಾತ್ತ ನಾಯಕ’ ಎಂದು ಒಂದು ಕಾಲಮ್ಮು ತುಂಬಿದ್ದರು. ಓದಿ ನಕ್ಕೆ. ಹೋರಿಯ ಹತ್ತಿರ ನಿಂತರೆ ಅದು ಒದೆಯುತ್ತದೋ ಹಾಯುತ್ತದೋ ಎಂದು ಗೊತ್ತಿಲ್ಲದ ಮನುಷ್ಯ!

ಭಾನುವಾರ ಗಾಳಿಗುದ್ದು ಅರ್ಧ ದಾರಿಯಲ್ಲೇ ಸಿಕ್ಕಿಬಿತ್ತು. ಒಂದು ಕೊಬ್ಬರಿಯೂ ಉಳಿಯಲಿಲ್ಲ. ವೃಷಭಕುಲತಿಲಕ ಪಾರಾಯಿತು.

ಒಂದು ಸಲವಾದರೆ ದೈವ ಎನ್ನಬಹುದು. ಸವಣೂರಿನ ಸ್ಪರ್ಧೆಯಲ್ಲೂ ಅದೇ ಆಯಿತು, ಆಮೇಲಿನ ಹಳ್ಳಿಗಳಲ್ಲೂ ಅದೇ. ನಾನು ಆರಿಸಿದ್ದು ಮಲಗುವುದು, ಅವರು ಆರಿಸಿದ್ದು ಓಡುವುದು. ಸಂಪಾದಕರು ನನ್ನ ಮುನ್ನೋಟವನ್ನು ಒಳಪುಟಕ್ಕೆ ತಳ್ಳಿದರು. ಆಚಾರ್ಯರದು ಮೊದಲ ಪುಟಕ್ಕೆ, ಚೌಕಟ್ಟಿನೊಳಗೆ ಹೋಯಿತು. ಆ ಚೌಕಟ್ಟನ್ನು ನಾನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಬಿ.ಎ. ಎಂದು ಕರೆದರೆ ಈಗ ಬೆನ್ನು ಬಾಗುತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಮುಂದಿತ್ತು. ನನ್ನ ಕಣ್ಣು ಕೆಟ್ಟದ್ದೆಂದು ಸುದ್ದಿ ಹಬ್ಬಿತು. ನಾನು ಸೈಕಲ್ಲಿನಿಂದ ಇಳಿಯುವುದನ್ನು ಕಂಡರೆ ಹೋರಿಯ ಮೇಲೆ ಕೌದಿ ಹೊದಿಸತೊಡಗಿದರು. ಗೊಟಗೋಡಿಯ ಒಬ್ಬ ಹಿರಿಯರು ನನಗೆ ಹಾಲು ಹಾಕಿದ ಚಹಾ ಕೊಟ್ಟು, ಬಹಳ ಮರ್ಯಾದೆಯಿಂದ ಕೇಳಿಕೊಂಡರು.

“ಸರ, ನಿಮ್ಮಿಂದ ಒಂದ ಉಪಕಾರ ಆಗಬೇಕಿತ್ರಿ.”

“ಹೇಳ್ರಿ ಯಜಮಾನ್ರ. ನಿಮ್ಮ ಹೋರಿ ಬಗ್ಗೆ ಬರೀಬೇಕೇನ್ರಿ?”

“ಅಯ್ಯೋ, ಬ್ಯಾಡ್ರಿಪಾ! ನಮ್ಮ ಬೀಗರದೊಂದ ಐತಿ. ಭಾಳ ಮೆರಿಯಾಕತ್ತಾರ. ಅದರ ಬಗ್ಗೆ ಚಂದಂಗ ಎಲ್ಡ ಸಾಲ ಬರದಬಿಡ್ರಿ, ಸಾಕು.”

ಶರತ್ತು ಕಟ್ಟುವವರೂ ನನ್ನ ಮುನ್ನೋಟವನ್ನು ತಪ್ಪದೆ ಓದುತ್ತಿದ್ದರಂತೆ. ನಾನು ಹೇಳಿದ ಹೋರಿಯ ವಿರುದ್ಧ ಕಟ್ಟುವುದಕ್ಕೆ.

ಆ ವರ್ಷದ ನಿಜವಾದ ಹೋರಿ ನಮ್ಮ ಊರಿನಲ್ಲೇ ಇತ್ತು. ನನ್ನ ಅಕ್ಕ ನೀಲವ್ವನನ್ನು ಊರಲ್ಲೇ ಕೊಟ್ಟಿದ್ದೆವು. ಭಾವ ಫಕ್ಕೀರಪ್ಪ ಕಟ್ಟಿದ್ದ ಬಿಳಿ ಹೋರಿ ಸಿಡಿಲಮರಿ. ಅಕ್ಕ ಅದಕ್ಕೆ ತನ್ನ ಕೈಯಿಂದಲೇ ಹುರುಳಿ ತಿನ್ನಿಸುತ್ತಿದ್ದಳು. ಅದು ಹಾನಗಲ್ಲಿನಲ್ಲಿ ಮೊದಲ ಸಲ ದೊಡ್ಡ ಅಖಾಡಕ್ಕೆ ಇಳಿಯುವುದಿತ್ತು. ಜನ ಮುತ್ತಿದಾಗ ಒಂದು ಕ್ಷಣ ನಿಂತು, ಬಲಕ್ಕೆ ಕತ್ತು ಹೊರಳಿಸಿ, ಮೈಯನ್ನು ಎಡಕ್ಕೆ ಒಯ್ಯುವ ಅದರ ಆಟ ಮನೆಯವರಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಹಾನಗಲ್ ಮುನ್ನೋಟಕ್ಕೆ ಇದೇ ನನ್ನ ಹೋರಿ ಎಂದು ಮೊದಲ ದಿನದಿಂದಲೂ ಕಾಯ್ದಿಟ್ಟುಕೊಂಡಿದ್ದೆ. ಆದರೆ ಅಕ್ಕ ಒಂದು ದಿನ ಹಿತ್ತಲಿಗೆ ಕರೆದಳು.

“ತಮ್ಮಾ, ನಮ್ಮ ಹೋರಿ ಹೆಸರ ಪೇಪರಿನ್ಯಾಗ ಹಾಕಬ್ಯಾಡೊ. ನಿನ್ನ ಕಣ್ಣ ಬೀಳತೈತಿ ಅಂತ ಮಂದಿ ಅನ್ನಾಕತ್ತೈತಿ.”

“ನೀನೂ ಹಂಗ ಅಂತೀಯೇನಕ್ಕಾ?”

“ನಾ ಅನ್ನೂದಿಲ್ಲ. ಆದ್ರ ನಿಮ್ಮ ಭಾವ, ನೀ ಬರದ್ರ ಹಾನಗಲ್ಲಿಗೆ ಹೊಡಕೊಂಡ ಹೋಗೂದಿಲ್ಲ ಅಂತ ಕುಂತಾರ.”

ಬರೆಯದಿದ್ದರೆ ನೌಕರಿ ಹೋಯಿತು. ಬರೆದರೆ ಹೋರಿ ಕಣಕ್ಕೇ ಬರುವುದಿಲ್ಲ, ನೌಕರಿ ಆಗಲೂ ಹೋಯಿತು, ಜೊತೆಗೆ ಅಕ್ಕನ ಮನೆಯೂ. ಸಿಡಿಲಮರಿಯ ಬದಲು ಬೇರೆ ಹೋರಿಯ ಹೆಸರು ಹೇಳಿ ಗೆಲ್ಲೋಣವೆಂದರೆ, ಅದು ಸುಳ್ಳು ಮುನ್ನೋಟ. ಕಂಡದ್ದಕ್ಕೆ ವಿರುದ್ಧವಾಗಿ ಬರೆಯಲು ನಾನು ಪೆನ್ನು ಹಿಡಿದಿರಲಿಲ್ಲ.

ಗಂಟು ಬಿಚ್ಚಿದ್ದು ಹಿರೇಕೆರೂರಿನಲ್ಲಿ. ಹಾನಗಲ್ಲಿನ ಹಿಂದಿನ ವಾರದ ಸ್ಪರ್ಧೆ ಅಲ್ಲಿತ್ತು. ನನ್ನ ಹೋರಿ ಎಂದಿನಂತೆ ಸಿಕ್ಕಿಬಿದ್ದ ಮೇಲೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಮೊಣಕೈ ತರಚಿಕೊಂಡ ಒಬ್ಬ ಆಳು ಬಂದು ಎದುರಿಗೆ ಕೂತ. ಹೋರಿ ಹಿಡಿಯುವುದರಲ್ಲಿ ಹೆಸರಾದ ಬಸಣ್ಯಾ. ಕೊರಳ ತುಂಬ ಹರಿದ ಕೊಬ್ಬರಿ ಹಾಕಿಕೊಂಡಿದ್ದ.

“ನಮಸ್ಕಾರ್ರಿ ಸರ. ನಿಮ್ಮ ಚಹಾ ಇವತ್ತ ನಂದು.”

“ಯಾಕಪಾ?”

“ಯಾಕಂದ್ರ! ಈ ಹಂಗಾಮದಾಗ ನಾ ಹರದ ಕೊಬ್ಬರಿ ಎಲ್ಲಾ ನಿಮ್ಮವ ಅಲ್ಲೇನ್ರಿ. ಎತ್ಲಾಗ ಹೊರಳತೈತಿ, ಯಾವಾಗ ತಲಿ ತಗ್ಗಸ್ತೈತಿ, ಎಲ್ಲಾ ಬರದಿರತೀರಿ. ಶುಕ್ರವಾರ ಪೇಪರ ಓದಿಸಿಕೊಂಡು ಶನಿವಾರ ತಾಲೀಮ ಮಾಡತೇವ್ರಿ ನಾವು. ಗಾಳಿಗುದ್ದು ಬಲಕ್ಕ ಹೊರಳತೈತಿ ಅಂದ್ರಿ, ಬಲಕ್ಕ ಹೋಗಿ ನಿಂತ್ವಿ. ತಾನ ಬಂದು ಕೈಯಾಗ ಬಿತ್ತು.”

ಚಹಾದ ಬಸಿಯನ್ನು ಕೆಳಗಿಟ್ಟೆ.

“ಮತ್ತ ಆಚಾರ್ರ ಬರದದ್ದು?”

ಬಸಣ್ಯಾ ಬಿದ್ದು ಬಿದ್ದು ನಕ್ಕ. “ಅದನ್ನ ಓದಿದವ್ಗೂ ತಿಳಿಯೂದಿಲ್ಲ, ಕೇಳಿದವ್ಗೂ ತಿಳಿಯೂದಿಲ್ರಿ. ಮೊನ್ನೆ ಏನೋ ಹಿಮದ ಶಿಖರ ಚಲಿಸಿ ಬಂದಂಗ ಅಂತ ಬರದಿದ್ರು. ಇದು ಹೋರಿ ಬಗ್ಗೆ ಬರದಾರೋ ಗುಡ್ಡದ ಬಗ್ಗೆ ಬರದಾರೋ ಅಂತ ನಮ್ಮ ನಮ್ಮೊಳಗ ಜಗಳಾತು.”

ಕಾಲೇಜಿನಲ್ಲಿ ಕಲಿತದ್ದು ಇದೇ ಅಲ್ಲವೇ? ಸ್ಪಷ್ಟವಾಗಿ ಬರೆ, ಪೂರ್ತಿ ಬರೆ, ಕಟ್ಟಕಡೆಯ ಓದುಗನಿಗೂ ತಿಳಿಯುವಂತೆ ಬರೆ. ಹಾಗೆಯೇ ಬರೆದಿದ್ದೆ. ತಿಳಿಯಬಾರದವನಿಗೇ ಮೊದಲು ತಿಳಿದಿತ್ತು.

ಮರುದಿನ ಅಕ್ಕನ ಮನೆಗೆ ಹೋಗಿ ಹೇಳಿದೆ. “ಅಕ್ಕಾ, ಇದು ಕಣ್ಣಲ್ಲ. ಕೈ. ನನ್ನ ಕೈ ಭಾಳ ಬರೀತೈತಿ.” ಭಾವ ದನದ ಮನೆಯಿಂದಲೇ ಕೂಗಿದರು: “ಹಂಗಾರ ಕೈ ಕಟ್ಟಿಕೊಂಡ ಬರೀಪಾ.” ಕೊನೆಗೆ ಒಪ್ಪಂದವಾಯಿತು. ಹೆಸರು ಹಾಕಿ ಗೆಲ್ಲುತ್ತದೆ ಎನ್ನಬಹುದು, ಮುಂದೆ ಒಂದು ಅಕ್ಷರವೂ ಕೂಡದು.

ಹಾನಗಲ್ಲಿನ ಮುನ್ನೋಟದಲ್ಲಿ ಉಳಿದ ಹೋರಿಗಳ ಊರು, ಬಣ್ಣ, ಹಿಂದೆ ಗೆದ್ದ ಅಖಾಡ ಇಷ್ಟೇ ಬರೆದೆ. ಎಡ ಬಲದ ಮಾತು ಯಾವ ಹೋರಿಗೂ ಇಲ್ಲ. ಕಟ್ಟಕಡೆಗೆ: ‘ದುಂಡಸಿಯ ಸಿಡಿಲಮರಿ ಗೆಲ್ಲುತ್ತದೆ.’ ಅಕ್ಕ ಹುರುಳಿ ತಿನ್ನಿಸಿದ ಹೋರಿ, ನನಗೆ ನೋಡಿ ನೋಡಿ ಬಾಯಿಪಾಠವಾದ ಹೋರಿ, ಅದಕ್ಕೆ ಒಂದೇ ಸಾಲು. ಲಕೋಟೆಯನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರರ ಕೈಗೆ ಕೊಡುವಾಗ, ತಟ್ಟೆ ತುಂಬ ಬಡಿಸಿಕೊಂಡು ತುತ್ತೆತ್ತದೆ ಎದ್ದಂತಾಗಿತ್ತು.

ಶನಿವಾರ ಪತ್ರಿಕೆ ಬಿಚ್ಚಿದೆ. ಮೊದಲ ಪುಟದ ಚೌಕಟ್ಟಿನೊಳಗೆ ಆಚಾರ್ಯರು. ಅವರ ಹೋರಿಯೂ ಸಿಡಿಲಮರಿ! ‘ಮೇಘಮಂಡಲದ ಸಿಡಿಲೊಂದು ಶೃಂಗ ಧರಿಸಿ ಭೂಮಿಗೆ ಇಳಿದಂತೆ...’ ಒಂದು ಕಾಲಮ್ಮು ಪೂರ್ತಿ. ನಮ್ಮ ಅಕ್ಕನ ಹೋರಿ, ನನ್ನ ಹೋರಿ, ಅವರ ಬಾಯಿಯಲ್ಲಿ. ದುಂಡಸಿಯ ದಾರಿ ಕೂಡ ಗೊತ್ತಿಲ್ಲದ ಮನುಷ್ಯ! ಪತ್ರಿಕೆಯನ್ನು ಮುದ್ದೆ ಮಾಡಿ ಎಸೆದೆ. ಆಮೇಲೆ ಎತ್ತಿಕೊಂಡು, ಸರಿಮಾಡಿ, ಇನ್ನೊಮ್ಮೆ ಓದಿದೆ. ಚೆನ್ನಾಗಿತ್ತು. ಅದೇ ಸಂಕಟ.

ಹಾನಗಲ್ಲಿನಲ್ಲಿ ಸಿಡಿಲಮರಿಯ ಹೆಸರನ್ನು ಮೈಕಿನಲ್ಲಿ ಕೂಗಿದಾಗ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಬಸಣ್ಯಾನ ಗುಂಪು ಎರಡೂ ಬದಿಗೆ ಹಂಚಿ ನಿಂತಿತ್ತು. ಎತ್ತ ನಿಲ್ಲಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೋರಿ ಬಂತು, ನಿಂತಿತು, ಬಲಕ್ಕೆ ಕತ್ತು ಹೊರಳಿಸಿತು. ಎಲ್ಲರೂ ಬಲಕ್ಕೆ ಬಿದ್ದರು. ಅದು ಎಡಕ್ಕೆ ಹೋಯಿತು. ಕೊಬ್ಬರಿಯ ಸರ ಒಂದೂ ಹರಿಯದೆ ಕುಣಿಯುತ್ತ ಆಚೆಯ ಹೊಲ ಸೇರಿತು. ಭಾವ ಅದರ ಹಿಂದೆ ಓಡುತ್ತ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಸಂಪಾದಕರು ಸ್ಪರ್ಧೆಗೆ ಬಂದಿದ್ದರು. ಅಲ್ಲೇ ನಿರ್ಧಾರ ಹೇಳಿದರು. “ಇಬ್ಬರದೂ ಖರೇ ಆತು. ಆದ್ರ ಚನ್ನಬಸಪ್ಪ, ನೀವು ಕಳಿಸಿದ್ದು ಬರೇ ಎಲುಬು. ಆಚಾರ್ರದು ಓದಾಕ ಚಂದ ಐತಿ.” ಖಾಯಂ ನೌಕರಿ ಆಚಾರ್ಯರಿಗೆ ಹೋಯಿತು.

ಅಂದು ಸಂಜೆ ಬಸ್ಸಿಗೆ ಕಾಯುವಾಗ ಆಚಾರ್ಯರು ಪಕ್ಕಕ್ಕೆ ಬಂದು ಕೂತು ಖಾರದ ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು. ನಾನು ತೆಗೆದುಕೊಳ್ಳಲಿಲ್ಲ.

“ಚನ್ನಬಸಪ್ಪನವರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ಹೋರಿ ಬಗ್ಗೆ ಏನೇನೂ ಗೊತ್ತಿಲ್ಲ. ಶುಕ್ರವಾರ ನಿಮ್ಮದು ಓದ್ತಿದ್ದೆ. ನೀವು ಯಾವುದರ ಬಗ್ಗೆ ಭಾಳ ಬರೀತಿದ್ರಿ ಅದು ಸಿಗತಿತ್ತು. ಯಾವುದರ ಬಗ್ಗೆ ಎಲ್ಲಕ್ಕೂ ಕಡಿಮಿ ಬರೀತಿದ್ರಿ, ಅದು ಪಾರಾಗ್ತಿತ್ತು. ನಾ ಅದಕ್ಕೊಂದಿಷ್ಟು ಅಲಂಕಾರ ಹಾಕಿ ಕಳಿಸ್ತಿದ್ದೆ.”

“ಯಾವಾಗ ಗೊತ್ತಾತ್ರಿ ನಿಮಗ ಇದು?”

“ಎರಡನೇ ವಾರಕ್ಕ.”

“ಒಂದ ಮಾತ ಹೇಳಬಾರದಿತ್ತೇನ್ರಿ?”

“ಹೇಳಿದ್ರ ನೀವು ಎಲ್ಲಾದರ ಬಗ್ಗೆನೂ ಕಡಿಮಿ ಬರೀತಿದ್ರಿ. ಆಮ್ಯಾಲ ನಾ ಏನು ಓದಬೇಕ್ರಿ?”

ಬಸ್ಸು ಬಂತು. ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಎರಡು ವರ್ಷದ ಮೇಲೆ ಆಚಾರ್ಯರು ಹುಬ್ಬಳ್ಳಿ ಕಚೇರಿಗೆ ಉಪಸಂಪಾದಕರಾಗಿ ಹೋದರು. ಅವರ ಜಾಗಕ್ಕೆ ನಾನು ಖಾಯಂ ಆದೆ, ನಿವೃತ್ತಿಯವರೆಗೂ ಅಲ್ಲೇ ದುಡಿದೆ. ಗುರುತಿನ ಚೀಟಿಯನ್ನು ಅಪ್ಪ ಊರೆಲ್ಲ ತೋರಿಸಿಕೊಂಡು ಬಂದ. ಮೊದಲ ಹಂಗಾಮಿನಲ್ಲೇ ಕೈ ಹಳೆಯ ಚಾಳಿಗೆ ಬಿತ್ತು. ಒಂದು ಹೋರಿಯ ಬಗ್ಗೆ ಎರಡು ಪುಟ ಬರೆದು ಕಳಿಸಿದೆ. ಅಚ್ಚಾಗಿ ಬಂದದ್ದು ಒಂದೇ ಸಾಲು. ಸೋಮವಾರ ಅಂಚೆ ಕಚೇರಿಗೆ ಹೋಗಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದೆ.

“ಆಚಾರ್ರ, ನಾ ಬರದದ್ದು ಎಲ್ಲಿ ಹೋತ್ರಿ?”

“ಹೋರಿ ಎಷ್ಟನೇದ ಬಂತ್ರಿ?”

“ಮೊದಲನೇದು.”

“ಮತ್ತ ಆ ಗೆಲುವಿನಾಗ ಅದ ರೀ, ನೀವು ಬರದದ್ದು.”

ಫೋನ್ ಇಟ್ಟರು. ಪತ್ರಿಕೆ ಓದುವವರಲ್ಲಿ ಬರೀ ಓದುಗರಿರುವುದಿಲ್ಲ, ಹೋರಿ ಹಿಡಿಯುವವರೂ ಇರುತ್ತಾರೆ ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಎಲ್ಲವನ್ನೂ ತಿಳಿದುಕೊಂಡಿರಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನೂ ತಿಳಿದಿರಬೇಕು. ಮೊದಲನೆಯದು ನನಗೆ ಹುಟ್ಟಿನಿಂದ ಬಂದಿತ್ತು. ಎರಡನೆಯದು ಆಚಾರ್ಯರ ಕೆಂಪು ಪೆನ್ಸಿಲ್ಲಿಗೆ ಗೊತ್ತಿತ್ತು. ಅದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.