ನಾಯಕಿಯ ಬದಲು ಕುರ್ಚಿ

ಹುಮನಾಬಾದಿನ ನಮ್ಮ ಹವ್ಯಾಸಿ ತಂಡದವರು ಈ ವರ್ಷದ ನಾಟಕಗಳ ಪಟ್ಟಿ ಓದಿದ ದಿನ ನನ್ನ ಮೈ ಉರಿದುಹೋಯಿತು. ಎರಡು ಸಾಮಾಜಿಕ ನಾಟಕ, ಒಂದು ನಗೆನಾಟಕ, ಕೊನೆಗೆ ಬಸವಕಲ್ಯಾಣದಲ್ಲಿ ಶರಣೆಯೊಬ್ಬಳ ಕಥೆಯ ಸಂಗೀತ ನಾಟಕ. ನಾಯಕಿ ಎಂಬಲ್ಲಿ ನಾಲ್ಕಕ್ಕೂ ಬರೆದದ್ದು ಒಂದೇ: ‘ಹೊರಗಿನಿಂದ ಕರೆಸುವುದು’.

ನಮ್ಮ ಕಡೆ ಇದು ರೂಢಿ. ಊರ ಗಂಡಸರು ಬಣ್ಣ ಹಚ್ಚುತ್ತಾರೆ. ಹೆಣ್ಣಿನ ಪಾತ್ರಕ್ಕೆ ಬೇರೆ ಊರಿನ ಕಲಾವಿದೆ ಆಟದ ದಿನವೇ ಬಸ್ಸಿಳಿಯುತ್ತಾಳೆ. ಅಲ್ಲಿಯವರೆಗೆ ತಾಲೀಮಿನಲ್ಲಿ ಆಕೆಯ ಜಾಗದಲ್ಲಿ ನಿಲ್ಲಲು ಊರ ಹೆಂಗಸೊಬ್ಬಳು ಬೇಕಲ್ಲ? ಒಂಬತ್ತು ವರ್ಷದಿಂದ ಅದು ನಾನೇ. ಮಾಣಿಕನಗರದ ನನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಬಂದು ಹಾಡಿದ್ದೇನೆ, ಅತ್ತಿದ್ದೇನೆ, ಎರಡು ಸಲ ಸತ್ತಿದ್ದೇನೆ. ಆಟದ ದಿನ ಮಾತ್ರ ಪರದೆಯ ಹಿಂದೆ ಕೂತು ಆ ಕಲಾವಿದೆಗೆ ಮಾತು ಎತ್ತಿಕೊಡುವ ಕೆಲಸ. ಪಾಪ, ಆಕೆಯದೇನೂ ತಪ್ಪಿಲ್ಲ.

ಈ ಸಲ ಬಾಯಿಬಿಟ್ಟು ಕೇಳಿದೆ. “ಶರಣೆ ಪಾತ್ರ ನಾನೇ ಮಾಡ್ತೀನ್ರಿ.”

ನಿರ್ದೇಶಕರು ಚಹಾ ಕೆಳಗಿಟ್ಟರು. “ಅಕ್ಕೋರ, ನಮ್ಮೂರ ಹೆಣ್ಮಕ್ಕಳನ್ನ ಸ್ಟೇಜ್ ಮ್ಯಾಲ ನಿಂದ್ರಸಿದ್ರ ಮಂದಿ ಏನಂತಾರ?”

“ತಾಲೀಮಿನ್ಯಾಗ ಒಂಬತ್ತು ವರ್ಷ ನಿಮ್ಮ ಮುಂದ ನಿಂತೀನಿ. ನೀವೇನು ಮಂದಿ ಅಲ್ಲೇನ್ರಿ?”

ನಿರ್ದೇಶಕರು ಮತ್ತೆ ಚಹಾ ಕೈಗೆತ್ತಿಕೊಂಡರು. ಹೆಂಗಸರು ಗಂಡಸರ ಸರಿಸಮ ಕೂತು ವಾದಿಸಿದ ಕಲ್ಯಾಣದಲ್ಲೇ ಆ ಕಥೆ ಆಡಲು ಹೊರಟ ಮಹನೀಯರು ಇವರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. “ಹಂಗಾದ್ರ ತಾಲೀಮಿಗೂ ನಾ ಬರಂಗಿಲ್ಲ. ಕುರ್ಚಿ ಇಟ್ಕೊಳ್ರಿ,” ಎಂದು ಎದ್ದುಬಂದೆ.

ಅವರು ನಿಜಕ್ಕೂ ಕುರ್ಚಿ ಇಟ್ಟರು. ಮುಂದಿನ ವಾರ ಸಂತೆಯಿಂದ ಬರುವಾಗ ತಾಲೀಮಿನ ಕೋಣೆಯ ಕಿಟಕಿಯಲ್ಲಿ ಇಣುಕಿದೆ. ರಾಜನ ಪಾತ್ರದ ನಿವೃತ್ತ ಮಾಸ್ತರರು ಖಾಲಿ ಕುರ್ಚಿಯತ್ತ ಬೆರಳು ಮಾಡಿ ಗದರುತ್ತಿದ್ದರು. ಅವರ ಮಾತು ಮುಗಿಯಿತು. ಶರಣೆ ಉತ್ತರ ಕೊಡಬೇಕಾದಲ್ಲಿ ಒಬ್ಬರು ಪುಸ್ತಕದ ಹಾಳೆ ತಿರುವಿದರು, ಉಳಿದವರು ಮುಖ ಮುಖ ನೋಡಿಕೊಂಡರು. ನನಗೆ ನಗು ಬಂತು, ಸಂಕಟವೂ ಆಯಿತು.

ನಿರ್ದೇಶಕರು ನನ್ನನ್ನು ಕಂಡು ಹೊರಗೆ ಬಂದರು. “ಅಕ್ಕೋರ, ಒಳಗ ಬರ್ರಿ. ನೀವಿಲ್ದ ನಾಟಕ ಏಳಾಕತ್ತಿಲ್ಲ.”

“ಆಟದ ದಿನಾನೂ ನಾನೇ ನಿಂದ್ರಲೇನ್ರಿ?”

“ಅದೊಂದ ಬಿಟ್ಟು ಏನಾರ ಕೇಳ್ರಿ.”

ತಿರುಗಿ ನಡೆದೆ. ಶರಣೆ ರಾಜನಿಗೆ ಕೊಡುವ ಆ ಉತ್ತರ ಮಾತ್ರ ನಾಲಿಗೆಯ ಮೇಲೇ ಇತ್ತು. ಮಾಣಿಕನಗರದಲ್ಲಿ ಆಟೊಗಳು ನಿಲ್ಲುವ ಜಾಗಕ್ಕೆ ಬಂದಾಗ ತಡೆಯಲಾಗದೆ, ಚೀಲ ಕೆಳಗಿಟ್ಟು ಗಟ್ಟಿ ದನಿಯಲ್ಲಿ ಹೇಳಿಯೇಬಿಟ್ಟೆ: “ಕೇಳಲು ಕರೆದಿರಿ, ಹೇಳಲು ಏಕೆ ಬಿಡುವುದಿಲ್ಲ?”

ಆಟೊದವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ನನ್ನ ಪಾತ್ರದ ಮಾತನ್ನು ಮಂದಿ ಕೇಳಿದ್ದು ಅದೇ ಮೊದಲು.