ಗಂಡು ನೊಣದೊಳಗಿನ ಹಳದಿ

ಎಡಿನ್‌ಬರೋದ ನಮ್ಮ ಲ್ಯಾಬಿನಲ್ಲಿ ಹಣ್ಣುನೊಣಗಳನ್ನು ಗಂಡು ಹೆಣ್ಣೆಂದು ಬೇರ್ಪಡಿಸುತ್ತಿದ್ದವಳು ಇಶ್ಬೆಲ್ ಗೆಡ್ಡಿಸ್. ಆ ಕೆಲಸದಲ್ಲಿ ಎಂದೂ ತಪ್ಪಿದವಳಲ್ಲ. ಹಾಗಾಗಿ ಅಂದು ಎಕ್ಸ್‌ರೇ ಫಿಲ್ಮ್ ನೋಡಿ ಅವಳಿಗೆ ಸಿಟ್ಟೇ ಬಂತು.

ಮೊಟ್ಟೆಯ ಹಳದಿಯ ಪ್ರೋಟೀನ್ ತಯಾರಿಸುವ ಜೀನ್ ಹೇಗಿದೆಯೆಂದು ನಾವು ನಕ್ಷೆ ಮಾಡುತ್ತಿದ್ದೆವು. ಹಳದಿ ಮಾಡುವುದು ಹೆಣ್ಣು ಮಾತ್ರ. ಗಂಡಿನಲ್ಲಿ ಆ ಜೀನ್ ಮುರುಕಲಾಗಿರಬೇಕೆಂದು ಇಶ್ಬೆಲ್ ಎಣಿಸಿದ್ದಳು. ಕತ್ತರಿಸಿದ ಜೀನಿನ ತುಣುಕುಗಳು ಎಕ್ಸ್‌ರೇ ಫಿಲ್ಮಿನಲ್ಲಿ ಕಪ್ಪು ಪಟ್ಟಿಗಳಾಗಿ ಮೂಡುತ್ತವೆ. ನೋಡಿದರೆ ಗಂಡು ಹೆಣ್ಣು ಎರಡಕ್ಕೂ ಅವೇ ಪಟ್ಟಿಗಳು, ಅದೇ ಜಾಗಗಳಲ್ಲಿ.

"ನಿನ್ನ ಗಂಡುಗಳ ಜೊತೆ ಯಾವಳೋ ಸೇರ್ಕೊಂಡಿದ್ದಾಳೆ ಬಿಡು," ಎಂದು ರೇಗಿಸಿದೆ.

ಅವಳು ಹೊಸ ನೊಣಗಳನ್ನು ಹಿಡಿದು ಮೊದಲಿನಿಂದ ಮಾಡಿದಳು. ಫಿಲ್ಮ್ ಮತ್ತೆ ಅದನ್ನೇ ಹೇಳಿತು.

ಸಂಜೆ ಅವಳ ಮನೆಯಲ್ಲಿ ಚಹಾಕ್ಕೆ ಕೂತಾಗಲೂ ಅದೇ ಮಾತು. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತನಾಗಿದ್ದ ಅವಳ ಗಂಡ ವಾಟಿ ಮನೆಯಲ್ಲಿ ಎಂದೂ ಒಲೆ ಹಚ್ಚಿದವನಲ್ಲ. ಕಪ್ಪನ್ನು ಅವಳ ಮುಂದೆ ಚಾಚಿ ಕೇಳಿದ, "ಅಂದ್ರೆ ಗಂಡಿನೊಳಗೂ ಅದು ಇದೆ ಅಂತೀಯಾ?"

"ಪೂರ್ತಿ ಇದೆ. ಹೆಣ್ಣಿಗಿಂತ ಒಂಚೂರೂ ಕಮ್ಮಿಯಿಲ್ಲ. ಸುಮ್ನೆ ಮುಚ್ಚಿಟ್ಕೊಂಡು ಕೂತಿರ್ತಾನೆ, ನಿನ್ನ ಹಾಗೆ."

"ಪಾಪ, ಅವನಿಗೆ ಯಾರೂ ಹೇಳ್ಕೊಟ್ಟಿಲ್ಲ."

"ಹೇಳ್ಕೊಡೋದೇನು ಬಂತು," ಎನ್ನುತ್ತ ಇಶ್ಬೆಲ್ ಅವನ ಕಪ್ಪಿಗೆ ಚಹಾ ಸುರಿದಳು. "ಒಂದು ತೊಟ್ಟು ಹಾರ್ಮೋನ್ ಕೊಟ್ರೆ ಅವನೂ ಹಳದಿ ಮಾಡ್ತಾನೆ. ನಮ್ಮ ಲ್ಯಾಬಿನ ಮೇಲಿನ ಮಹಡಿಯವರು ಕೊಟ್ಟು ನೋಡಿದ್ದಾರೆ."

ವಾಟಿ ತುಟಿಯವರೆಗೆ ತಂದ ಕಪ್ಪನ್ನು ಇಳಿಸಿ ಒಳಗೆ ಇಣುಕಿ ನೋಡಿದ.

ಮಾರನೆಯ ದಿನದಿಂದ ತನ್ನ ಚಹಾ ತಾನೇ ಮಾಡಿಕೊಳ್ಳತೊಡಗಿದ. ನಾನೂ ಕುಡಿದು ನೋಡಿದ್ದೇನೆ. ಇಶ್ಬೆಲ್ ಮಾಡುವುದಕ್ಕಿಂತ ಒಂಚೂರೂ ಕಮ್ಮಿಯಿಲ್ಲ.